ಮಕ್ಕಳ ಕಥೆಪುಸ್ತಕಗಳೂ ಮಾಟಮಂತ್ರದ ವಿಷಯವೂ

(ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ 18:9-14, ನ್ಯಾಯಸ್ಥಾಪಕರು 9:7-15, ಅಪೊಸ್ತಲರ ಕೃತ್ಯಗಳು 19:11-20)

ಯಲಹಂಕ, ಹೆಬ್ಬಾಳ, ಯಶವಂತಪುರ ಈ ಸೀಮೆಯಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಇರುವ ನಮ್ಮ ಸಭೆಗಳ ಮಕ್ಕಳಲ್ಲಿ ಅನೇಕರು ಈಗ ಇಂಗ್ಲಿಷ್ ಶಾಲೆಗಳಿಗೆ ಹೋಗುತ್ತಾರೆ. ಅವರು ಶಾಲೆಯಿಂದ ತರುವ ಕಥೆಪುಸ್ತಕಗಳ ಹೊದಿಕೆಯ ಮೇಲೆಯೇ ಮಾಟಗಾತಿಯರೂ ಮಂತ್ರದ ಕೋಲುಗಳೂ ಪೊರಕೆಯನ್ನೇರಿ ಹಾರುವ ಹುಡುಗರೂ ಕಾಣುವದರಿಂದ ತಂದೆತಾಯಿಗಳು ಕಳವಳಪಡುತ್ತಾರೆ. ಇಂಥವುಗಳು ಕ್ರೈಸ್ತನ ಮನೆಯಲ್ಲಿರಬಹುದೋ, ಬೆಂಕಿಗೆ ಹಾಕತಕ್ಕವುಗಳೋ ಎಂಬ ಪ್ರಶ್ನೆಯು ವ್ಯರ್ಥವಾದದ್ದಲ್ಲ; ದೇವರ ವಾಕ್ಯಕ್ಕೆ ಭಯಪಡುವವರೇ ಅದನ್ನು ಕೇಳುತ್ತಾರೆ. ಆದಕಾರಣ ಈ ತಿಂಗಳ ಪಾಠದಲ್ಲಿ ಅದನ್ನು ವಿಚಾರಿಸೋಣ.

ಮೊದಲು ಧರ್ಮಶಾಸ್ತ್ರವನ್ನು ನೋಡಬೇಕು. ಧರ್ಮೋಪದೇಶಕಾಂಡದ ಹದಿನೆಂಟನೆಯ ಅಧ್ಯಾಯವು ಕಣಿ ಹೇಳುವವರನ್ನೂ ಶಕುನ ನೋಡುವವರನ್ನೂ ಮಾಟಗಾರರನ್ನೂ ಸತ್ತವರನ್ನು ವಿಚಾರಿಸುವವರನ್ನೂ ಒಟ್ಟಾಗಿ ಹೆಸರಿಸಿ, ಇಂಥವರು ನಿಮ್ಮಲ್ಲಿ ಇರಲೇ ಬಾರದೆಂದು ಖಂಡಿತವಾಗಿ ಹೇಳುತ್ತದೆ. ಈ ಪಟ್ಟಿಯಲ್ಲಿರುವವರೆಲ್ಲರೂ ಒಂದೊಂದು ಪ್ರಯೋಗವನ್ನು ನಡಿಸುವವರು. ದೇವರನ್ನು ಬಿಟ್ಟು ಬೇರೊಂದು ಗುಪ್ತವಾದ ಮಾರ್ಗದಿಂದ ಬಲವನ್ನಾಗಲಿ ತಿಳುವಳಿಕೆಯನ್ನಾಗಲಿ ಹುಡುಕುವವರು. ಕಥೆ ಹೇಳುವವನ ಹೆಸರು ಅದರಲ್ಲಿಲ್ಲ.

ಹಾಗಾದರೆ ಎಫೆಸದಲ್ಲಿ ಪುಸ್ತಕಗಳನ್ನು ಸುಟ್ಟರಲ್ಲವೇ ಎಂದು ಕೆಲವರು ಕೇಳುತ್ತಾರೆ. ಸುಟ್ಟದ್ದು ನಿಜ. ಆದರೆ ಯಾವ ಪುಸ್ತಕಗಳನ್ನು? ಆ ಪಟ್ಟಣದ ಹೆಸರಿನಿಂದಲೇ ಕರೆಯಲ್ಪಟ್ಟ ಕೆಲವು ಮಂತ್ರಾಕ್ಷರಗಳನ್ನು ಜನರು ಕೇಡು ತಗಲದಂತೆ ಮೈಗೆ ಕಟ್ಟಿಕೊಳ್ಳುತ್ತಿದ್ದರೆಂದು ಪುರಾತನ ಲೇಖಕರು ತಿಳಿಸುತ್ತಾರೆ. ಆ ಕಾಲದ ಮಂತ್ರಗ್ರಂಥಗಳು ಐಗುಪ್ತದ ಮರಳಿನಲ್ಲಿ ದೊರಕಿವೆ. ಯಾರನ್ನು ಹೇಗೆ ವಶಮಾಡಿಕೊಳ್ಳಬೇಕು, ಶತ್ರುವನ್ನು ಹೇಗೆ ಕಟ್ಟಿಹಾಕಬೇಕು ಎಂಬ ವಿಧಿಗಳೇ ಅವುಗಳಲ್ಲಿ ತುಂಬಿವೆ. ಎಫೆಸದ ವಿಶ್ವಾಸಿಗಳು ತಾವೇ ನಡಿಸಿದ ಪ್ರಯೋಗಗಳ ಗ್ರಂಥಗಳನ್ನು ತಾವೇ ತಂದು ಸುಟ್ಟರು. ಅವುಗಳ ಕ್ರಯ ಐವತ್ತು ಸಾವಿರ ಬೆಳ್ಳಿಯ ನಾಣ್ಯಗಳು. ನಾಣ್ಯವೊಂದಕ್ಕೆ ಒಂದು ದಿನದ ಕೂಲಿಯೆಂದು ಎಣಿಸಿದರೆ, ಒಬ್ಬ ಕೂಲಿಯವನು ಒಂದು ದಿನವೂ ಬಿಡದೆ ಸುಮಾರು 137 ವರ್ಷ ದುಡಿಯಬೇಕು. (ಅವುಗಳನ್ನು ಮಾರಿ ಹಣವನ್ನು ಬಡವರಿಗೆ ಕೊಡೋಣವೆಂದು ಯಾರೂ ಹೇಳಲಿಲ್ಲವೆಂಬದನ್ನು ಗಮನಿಸತಕ್ಕದ್ದು.) 2001ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದ ಆಲಮೊಗೋರ್ಡೊ ಎಂಬ ಊರಿನ ಒಂದು ಸಭೆಯವರು ಹ್ಯಾರಿ ಪಾಟರ್ ಎಂಬ ಹುಡುಗನ ಕಥೆಪುಸ್ತಕಗಳನ್ನು ಸುಟ್ಟರು. ಅವರ ಆಸಕ್ತಿಯನ್ನು ನಾವು ಹಾಸ್ಯಮಾಡುವದಿಲ್ಲ. ಆದರೆ ಎಫೆಸದವರ ಬೆಂಕಿಗೆ ಬಿದ್ದದ್ದು ಬೇರೆ, ಇವರ ಬೆಂಕಿಗೆ ಬಿದ್ದದ್ದು ಬೇರೆ.

ಸತ್ಯವೇದವು ತಾನೇ ಕಲ್ಪನೆಯ ಕಥೆಗೆ ಎಡೆಕೊಟ್ಟಿದೆ. ಯೋತಾಮನು ಗೆರಿಜ್ಜೀಮ್ ಬೆಟ್ಟದ ತುದಿಯಲ್ಲಿ ನಿಂತು, ಮರಗಳು ತಮಗೊಬ್ಬ ಅರಸನನ್ನು ಹುಡುಕಿ ಕಡೆಗೆ ಮುಳ್ಳಿನ ಪೊದೆಯ ಬಳಿಗೆ ಹೋದ ಕಥೆಯನ್ನು ಹೇಳಿದನು. ಮರ ಮಾತಾಡುವದುಂಟೋ ಎಂದು ಶೆಕೆಮಿನವರಲ್ಲಿ ಯಾರೂ ಕೇಳಲಿಲ್ಲ. ಅಬೀಮೆಲೆಕನ ವಿಷಯವೆಂದು ಎಲ್ಲರಿಗೂ ತಿಳಿಯಿತು. ಏಂದೋರಿನ ಸ್ತ್ರೀಯ ಬಳಿಗೆ ಸೌಲನು ರಾತ್ರಿಯಲ್ಲಿ ವೇಷಮರಸಿಕೊಂಡು ಹೋದ ವೃತ್ತಾಂತವನ್ನು ನಮ್ಮ ಮಕ್ಕಳು ವೇದದಲ್ಲಿಯೇ ಓದುತ್ತಾರೆ. ಅದನ್ನು ಓದಿ ಯಾರೂ ಸೌಲನಂತಾಗಲು ಬಯಸುವದಿಲ್ಲ. ಬನ್ಯನನು 1678ರಲ್ಲಿ ಪ್ರಕಟಿಸಿದ ಗ್ರಂಥವನ್ನು ನಮ್ಮ ಹಿರಿಯರು ‘ಯಾತ್ರಿಕನ ಸಂಚಾರ’ವೆಂದು ಕನ್ನಡದಲ್ಲಿ ಓದಿದರು. ಅದರಲ್ಲಿ ಸಂದೇಹದ ಕೋಟೆಯಲ್ಲಿ ವಾಸಿಸುವ ರಾಕ್ಷಸನಿದ್ದಾನೆ. 1684ರ ಎರಡನೆಯ ಭಾಗದಲ್ಲಿ ಮಾಯದ ಭೂಮಿಯೂ ಅದನ್ನು ಮಂತ್ರಿಸಿದ ಮಾಟಗಾತಿಯೂ ಇದ್ದಾರೆ. ಆ ಪುಸ್ತಕವನ್ನು ಓದಿ ಮಾಟ ಕಲಿತವರ ಸುದ್ದಿಯನ್ನು ನಾವು ಇದುವರೆಗೆ ಕೇಳಿಲ್ಲ.

ನಮ್ಮ ನಾಡಿನ ಕಥೆಗಳನ್ನೂ ಹೀಗೆಯೇ ತೂಗಿನೋಡಬೇಕು. ಕುವೆಂಪುರವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯು ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯ ಪದ್ಯವನ್ನು ಅನುಸರಿಸಿದ್ದು. ಜೋಗಿಯ ಕಿಂದರಿಯ ನಾದಕ್ಕೆ ಇಲಿಗಳೆಲ್ಲಾ ಹೊಳೆಗೆ ಬೀಳುತ್ತವೆ. ಮಾತುಕೊಟ್ಟ ಹಣವನ್ನು ಗೌಡನು ಕೊಡದೆ ಹೋದಾಗ ಊರ ಮಕ್ಕಳೆಲ್ಲಾ ಅದೇ ನಾದದ ಹಿಂದೆ ಹೊರಟುಹೋಗುತ್ತಾರೆ. ಹುಡುಗನ ಮನಸ್ಸಿನಲ್ಲಿ ಉಳಿಯುವದು ಗೌಡನು ತಪ್ಪಿದ ಮಾತು. ಎ. ಕೆ. ರಾಮಾನುಜನ್‌ರವರು ಸಂಗ್ರಹಿಸಿದ ಕನ್ನಡದ ಒಂದು ಜಾನಪದ ಕಥೆಯಲ್ಲಿ, ಬಡ ಹುಡುಗಿಯೊಬ್ಬಳು ಎರಡು ಬಿಂದಿಗೆ ನೀರಿನಿಂದ ಹೂವಿನ ಮರವಾಗುತ್ತಾಳೆ, ತಿರಿಗಿ ಮನುಷ್ಯಳಾಗುತ್ತಾಳೆ. ಲಕ್ಷ್ಯವಿಲ್ಲದವರು ಕೊಂಬೆಗಳನ್ನು ಮುರಿದುಹಾಕಿದ್ದರಿಂದ ಅರ್ಧ ದೇಹದವಳಾಗಿ ನರಳುತ್ತಾಳೆ. ಮರವಾಗುವ ಉಪಾಯವನ್ನು ಆ ಕಥೆ ಯಾರಿಗೂ ಕಲಿಸುವದಿಲ್ಲ. ದುರಾಶೆಯ ಕೈ ಎಂಥದೆಂಬದನ್ನು ಕಲಿಸುತ್ತದೆ.

ಇಂಗ್ಲಿಷ್ ಪುಸ್ತಕಗಳ ಪೈಕಿ ಸಿ. ಎಸ್. ಲೂಯಿಸ್ ಎಂಬ ಕ್ರೈಸ್ತ ಪಂಡಿತನು 1950ರಿಂದ 1956ರ ವರೆಗೆ ಪ್ರಕಟಿಸಿದ ಏಳು ನಾರ್ನಿಯಾ ಕಥೆಗಳು ಅನೇಕ ಶಾಲೆಗಳಲ್ಲಿ ಸಿಗುತ್ತವೆ. 1952ರ ಪುಸ್ತಕದಲ್ಲಿ ಲೂಸಿ ಎಂಬ ಹುಡುಗಿಯು ಒಬ್ಬ ಮಂತ್ರವಾದಿಯ ಮನೆಯಲ್ಲಿ ಗ್ರಂಥವನ್ನು ತೆರೆದು, ಸ್ನೇಹಿತೆಯರು ತನ್ನ ವಿಷಯವಾಗಿ ಏನೆನ್ನುತ್ತಾರೆಂದು ತಿಳಿಯುವ ಮಂತ್ರವನ್ನು ಓದಿಬಿಡುತ್ತಾಳೆ. ಗೆಳತಿಯೊಬ್ಬಳು ತನ್ನನ್ನು ಹಳಿಯುವದು ಕಿವಿಗೆ ಬೀಳುತ್ತದೆ. ಸಿಂಹವು ಬಂದು, ಕದ್ದು ಕೇಳಿದ್ದಕ್ಕೆ ಅವಳನ್ನು ಗದರಿಸಿ, ಆ ಗೆಳತಿಯು ಮತ್ತೊಬ್ಬಳ ಹೆದರಿಕೆಯಿಂದ ಹಾಗೆ ಮಾತಾಡಿದಳು, ಒಳಗೆ ಪ್ರೀತಿಯೇ ಇತ್ತು ಎಂದು ತಿಳಿಸುತ್ತದೆ. ಆದರೂ ಕೇಳಿದ ಮಾತನ್ನು ಮರೆಯಲು ಲೂಸಿಗೆ ಆಗುವದಿಲ್ಲ.

1997ರಿಂದ 2007ರ ವರೆಗೆ ಹೊರಟ ಹ್ಯಾರಿ ಪಾಟರ್ ಕಥೆಗಳನ್ನು ನಾವು ಅಷ್ಟು ಸುಲಭವಾಗಿ ಹೊಗಳಲಾರೆವು. ಮಗನಿಗಾಗಿ ಪ್ರಾಣಕೊಟ್ಟ ತಾಯಿಯ ಪ್ರೀತಿಯೇ ಅವುಗಳ ಮೂಲದಲ್ಲಿದೆ. ಏಳನೆಯ ಪುಸ್ತಕದಲ್ಲಿ ಎರಡು ಸಮಾಧಿಗಳ ಮೇಲೆ ಮತ್ತಾಯ 6:21 ಮತ್ತು 1 ಕೊರಿಂಥ 15:26ರ ಮಾತುಗಳು ಕೆತ್ತಲ್ಪಟ್ಟಿವೆ. ಆದರೆ ಮಕ್ಕಳು ಹಿರಿಯರಿಗೆ ಸುಳ್ಳು ಹೇಳಿ ನಿಯಮ ಮೀರಿದಾಗ ಅನೇಕ ಸಾರಿ ಶಿಕ್ಷೆಯಾಗುವದಿಲ್ಲ. ಹಾರುವ ಪೊರಕೆಗಿಂತ ಈ ಸಂಗತಿಯನ್ನು ಕುರಿತು ಮಕ್ಕಳೊಡನೆ ಮಾತಾಡುವದು ಹೆಚ್ಚು ಪ್ರಯೋಜನಕರವೆಂದು ನಮ್ಮ ಅಭಿಪ್ರಾಯ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪಶ್ಚಿಮ ದೇಶದ ಮಗುವಿಗೆ ಮಾಟವು ಬಹುಶಃ ಕಥೆಯಲ್ಲಿ ಮಾತ್ರ ಸಿಗುವ ವಸ್ತು. ನಮ್ಮ ಸೀಮೆಯ ಮಗುವಿಗೆ ಹಾಗಲ್ಲ. ಅದು ಶಾಲೆಗೆ ಹೋಗುವ ದಾರಿಯ ಗೋಡೆಗಳ ಮೇಲೆಯೇ ವಶೀಕರಣ, ಮಾಟ ನಿವಾರಣೆ ಎಂಬ ಜಾಹೀರಾತುಗಳು ದೂರವಾಣಿಯ ಸಂಖ್ಯೆಯೊಡನೆ ಅಂಟಿಸಲ್ಪಟ್ಟಿರುತ್ತವೆ. ಕರ್ನಾಟಕ ಸರಕಾರವು ಅಮಾನುಷ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ಕಾಯಿದೆ ಮಾಡಿ, 2020ರಲ್ಲಿ ಅದನ್ನು ಜಾರಿಗೆ ತಂದಿತು. ದೆವ್ವ ಬಿಡಿಸುವ ನೆವದಿಂದ ಹೊಡೆಯುವದೂ, ಹಾವು ಕಚ್ಚಿದವನನ್ನು ವೈದ್ಯನ ಬಳಿಗೆ ಬಿಡದೆ ಮಂತ್ರ ಹಾಕಿಸುವದೂ ಅದರಲ್ಲಿ ಅಪರಾಧಗಳಾಗಿವೆ. ಸುಮ್ಮನೆ ಇಂಥ ಕಾಯಿದೆ ಹುಟ್ಟುವದಿಲ್ಲ.

ಇನ್ನು ನಮ್ಮ ಮನೆಗಳ ಒಳಗೆ ನೋಡಿರಿ. ಮಗುವಿಗೆ ಜ್ವರ ಬಿಡದಿದ್ದರೆ, ಹಸು ಹಾಲು ಕೊಡದಿದ್ದರೆ, ಮಗಳ ಮದುವೆ ಎರಡು ಸಾರಿ ತಪ್ಪಿದರೆ, ಯಾರೋ ಏನೋ ಮಾಡಿಸಿದ್ದಾರೆ ಎಂಬ ಮಾತು ಅಡಿಗೆಮನೆಯಲ್ಲಿ ಹುಟ್ಟುತ್ತದೆ. ಸಭೆಯವರಿಗೆ ತಿಳಿಯದಂತೆ ಒಬ್ಬರು ಹೋಗಿ ಕೇಳಿಕೊಂಡು ಬರುತ್ತಾರೆ. ಅಲ್ಲಿ ಕಣಿ ಹೇಳುವವನು ಹೆಸರು ಹೇಳದೆ, ಹತ್ತಿರದ ಒಬ್ಬ ಹೆಂಗಸು ಎಂದಷ್ಟೇ ಹೇಳುತ್ತಾನೆ. ಓರಗಿತ್ತಿಯೋ ನಾದಿನಿಯೋ ಪಕ್ಕದ ಮನೆಯವಳೋ ಎಂಬದನ್ನು ಕೇಳಿದವರೇ ತೀರ್ಮಾನಿಸಿಕೊಳ್ಳುತ್ತಾರೆ. ಅಂದಿನಿಂದ ಆ ಮನೆಯ ನೀರು ಇವರು ಕುಡಿಯುವದಿಲ್ಲ, ಕರ್ತನ ಭೋಜನದಲ್ಲಿಯೂ ಬೇರೆ ಸಾಲಿನಲ್ಲಿ ಕೂತುಕೊಳ್ಳುತ್ತಾರೆ. ಮಗುವಿನ ಸೊಂಟದಲ್ಲಿ ಅಂಗಿಯ ಕೆಳಗೆ ತಾಯಿತ ಬರುತ್ತದೆ. ಆಮೇಲೆ ಅದೇ ಮಗು ಮಾಟಗಾತಿಯ ಚಿತ್ರವಿರುವ ಪುಸ್ತಕವನ್ನು ತಂದರೆ ಗದರಿಸಿ ಕಸಿದುಕೊಳ್ಳುತ್ತಾರೆ! ಎಫೆಸದವರು ಬೆಂಕಿಗೆ ಹಾಕಿದ್ದಕ್ಕೆ ಹತ್ತಿರವಾದದ್ದು ಆ ಮನೆಯಲ್ಲಿ ಯಾವದು, ಪುಸ್ತಕವೋ ತಾಯಿತವೋ? ಮಾಟಕ್ಕೆ ಬಲವುಂಟೆಂದು ಮಗುವಿಗೆ ಕಲಿಸಿದವರು ಯಾರು?

ಆದರೂ ಒಂದು ಎಚ್ಚರಿಕೆಯನ್ನು ಬಿಡಲಾಗದು. ಮಂತ್ರವಾದವನ್ನೇ ವೃತ್ತಿಯಾಗಿ ಮಾಡಿ ಕರ್ತನ ಕಡೆಗೆ ತಿರುಗಿದ ಕುಟುಂಬಗಳವರಿಗೆ ಇಂಥ ಕಥೆಯು ಹಳೆಯ ಗಾಯವನ್ನು ಕೆದಕಬಹುದು. ಅವರು ಬೇಡವೆಂದರೆ ಉಪಾಧ್ಯಾಯರು ವಾದಿಸಬಾರದು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಎಂಟನೆಯ ಅಧ್ಯಾಯವು ಅಂಥವರ ಪರವಾಗಿದೆ. ಮತ್ತು ಕಥೆಯ ರೂಪವಿಲ್ಲದೆ ಪ್ರಯೋಗವನ್ನೇ ಕಲಿಸುವ ಪುಸ್ತಕಗಳನ್ನೂ, ಆತ್ಮಗಳನ್ನು ಕರೆದು ಪ್ರಶ್ನೆ ಕೇಳುವ ಆಟಗಳನ್ನೂ ಮಕ್ಕಳಿಗೆ ಕೊಡಲೇಬಾರದು. ಅವು ಆಟವೆಂಬ ಹೆಸರಿನಿಂದ ಬಂದರೂ ಧರ್ಮೋಪದೇಶಕಾಂಡದ ಪಟ್ಟಿಗೆ ಸೇರತಕ್ಕವು.

ಇಂಗ್ಲಿಷ್ ಬಾರದ ತಾಯಂದಿರು, ಪುಸ್ತಕದೊಳಗೆ ಏನಿದೆಯೆಂದು ತಮಗೆ ಹೇಗೆ ತಿಳಿಯಬೇಕೆಂದು ಕೇಳಬಹುದು. ರಾತ್ರಿ ಊಟವಾದ ಮೇಲೆ ಮಗುವನ್ನು ಕೂಡ್ರಿಸಿ, ಆ ದಿನ ಓದಿದ್ದನ್ನು ಕನ್ನಡದಲ್ಲಿ ಹೇಳಿಸಬೇಕು. ಮಗು ಯಾರ ವಿಷಯವಾಗಿ ಸಂತೋಷಪಟ್ಟು ಹೇಳುತ್ತದೆ, ಎಲ್ಲಿ ದನಿ ತಗ್ಗಿಸುತ್ತದೆ, ತಾನೂ ಹಾಗೆ ಮಾಡಬೇಕೆಂದು ಯಾವದನ್ನು ಬಯಸುತ್ತದೆ ಎಂಬದನ್ನು ಕಿವಿಗೊಟ್ಟು ಕೇಳಿದರೆ ಪುಸ್ತಕದ ಗುಣವು ತಾನಾಗಿ ಹೊರಬೀಳುವದು. ಅಜ್ಜಿಯೂ ಹತ್ತಿರ ಕೂತರೆ ಒಳ್ಳೇದು. ಅವಳು ಕೇಳುವ ಪ್ರಶ್ನೆಗಳು ಉಪಾಧ್ಯಾಯರಿಗೂ ತೋಚುವದಿಲ್ಲ. ಶಾಲೆಗೆ ಪುಸ್ತಕವನ್ನು ಹಿಂದಕ್ಕೆ ಕೊಡುವ ದಿನದೊಳಗೆ ಕಥೆಯೆಲ್ಲಾ ಮುಗಿಯುವ ಹಾಗೆ ದಿನಕ್ಕಿಷ್ಟೆಂದು ಮೊದಲೇ ನೇಮಿಸಿಕೊಳ್ಳಬೇಕು.