ಗೃಹಿಣಿಯ ಆರೋಗ್ಯಕ್ಕೆ ಎರಡು ರಕ್ಷಣೆಗಳು

ಸಾನಮಾವು ಕಾಡಿನ ಅಂಚಿನಲ್ಲಿ ರಾಗಿ ಬೆಳೆಯುವ ನಮ್ಮ ರೈತರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ: ಆಡನ್ನು ತಡೆಯುವ ಮುಳ್ಳುಬೇಲಿ ಆನೆಯನ್ನು ತಡೆಯಲಾರದು. ಅದು ಬೇಲಿಯ ದೋಷವಲ್ಲ. ಅದನ್ನು ಕಟ್ಟಿದ ಉದ್ದೇಶವೇ ಬೇರೆ. ಗರ್ಭನಿರೋಧಕ ಸಾಧನಗಳಿಗೂ ಎಚ್.ಐ.ವಿ. ಸೋಂಕಿಗೂ ಇರುವ ಸಂಬಂಧ ಇಂಥದೇ. ಶಾಲೆಯ ಸಂಚಿಕೆಯಲ್ಲಿ ಇದನ್ನು ಬರೆಯಬಹುದೇ ಎಂದು ನಾವೂ ಕೆಲಕಾಲ ಆಲೋಚಿಸಿದೆವು. ಆದರೆ ಸಂಕೋಚದಿಂದ ಮುಚ್ಚಿಟ್ಟ ಜ್ಞಾನವು ಯಾರನ್ನೂ ಕಾಪಾಡದು.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ನಮ್ಮ ರಾಜ್ಯದ ರಾಜಧಾನಿ ಚೆನ್ನೈಯಲ್ಲಿ. ಡಾಕ್ಟರ್ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ನಿರ್ಮಲಾ ಅವರು ರಕ್ತದ ಮಾದರಿಗಳನ್ನು ಸಂಗ್ರಹಿಸಿ ವೆಲ್ಲೂರಿನಲ್ಲಿ ಪರೀಕ್ಷೆಗೊಳಪಡಿಸಿದರು. ಮುಂದೆ ಸಾಲೊಮನ್ ಅವರ ಬಳಿಗೆ ಚಿಕಿತ್ಸೆಗೆ ಬಂದ ಸೋಂಕಿತ ಸ್ತ್ರೀಯರಲ್ಲಿ ಬಹುಮಂದಿ ಪತಿಯೊಬ್ಬನನ್ನೇ ಬಲ್ಲ ಗೃಹಿಣಿಯರಾಗಿದ್ದರು. ತನ್ನ ನಡತೆಯೊಂದೇ ತನ್ನನ್ನು ಕಾಪಾಡುವುದೆಂದು ಯಾವ ಗೃಹಿಣಿಯೂ ನಂಬಿ ಕೂರುವಂತಿಲ್ಲ.

ನುಂಗುವ ಮಾತ್ರೆ, ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದು, ಸಂತಾನಹರಣ ಶಸ್ತ್ರಚಿಕಿತ್ಸೆ—ಇವೆಲ್ಲ ಗರ್ಭವನ್ನು ತಡೆಯುತ್ತವೆ, ಸೋಂಕನ್ನು ತಡೆಯವು. ಕಾಂಡೋಮ್ ಒಂದೇ ಎರಡನ್ನೂ ತಡೆಯಬಲ್ಲದು. ಆದರೆ ಗರ್ಭನಿರೋಧದಲ್ಲಿ ಅದು ಕಾಪರ್-ಟಿಯಷ್ಟು ಖಚಿತವಲ್ಲ. ಆದುದರಿಂದ ಅಪಾಯದ ಶಂಕೆಯಿರುವಲ್ಲಿ ಎರಡನ್ನೂ ಕೂಡಿಯೇ ಬಳಸುವುದು ಯುಕ್ತ.

ಚುಚ್ಚುಮದ್ದಿನಿಂದ ಸೋಂಕಿನ ಅಪಾಯ ಹೆಚ್ಚುವುದೆಂಬ ಭೀತಿ ಹಿಂದೆ ಇತ್ತು. ಆಫ್ರಿಕಾದ 4 ದೇಶಗಳ 7,829 ಸ್ತ್ರೀಯರಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವು ಚುಚ್ಚುಮದ್ದು, ಕಾಪರ್ ಸಾಧನ, ತೋಳಿನ ಚರ್ಮದಡಿ ಇಡುವ ಕಡ್ಡಿ—ಈ ಮೂರರ ನಡುವೆ ಗಣನೀಯ ವ್ಯತ್ಯಾಸವನ್ನು ಕಾಣಲಿಲ್ಲ. ಆದರೂ ಅವರಲ್ಲಿ 397 ಮಂದಿಗೆ ಅಧ್ಯಯನಕಾಲದಲ್ಲಿಯೇ ಸೋಂಕು ತಗುಲಿತು. ಗರ್ಭನಿರೋಧಕ ಕೇಳಿ ಬಂದ ಸ್ತ್ರೀಯೇ ಸೋಂಕಿನ ಅಪಾಯದಲ್ಲಿಯೂ ಇರಬಹುದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಹಾಗಾದರೆ ಒಳ್ಳೆಯ ಸಮಾಲೋಚನೆ ಹೇಗಿರಬೇಕು? ಮೊದಲನೆಯದಾಗಿ, ಅದು ಏಕಾಂತದಲ್ಲಿ ನಡೆಯಬೇಕು. ಗದರಿಕೆಯಾಗಲಿ ಉಪದೇಶವಾಗಲಿ ಸಲ್ಲದು. ಎರಡನೆಯದಾಗಿ, ಮತ್ತೆ ಮಗು ಬೇಕೇ, ಯಾವಾಗ ಬೇಕು ಎಂದು ಕೇಳಿ ಎಲ್ಲ ಸಾಧನಗಳ ಗುಣದೋಷಗಳನ್ನು ತಿಳಿಸಬೇಕು, ಆಯ್ಕೆ ಅವಳದೇ. ಮೂರನೆಯದಾಗಿ, ಸೋಂಕಿನ ವಿಚಾರವನ್ನು ವಿವರಿಸಿ, ಅವಳ ಸಮ್ಮತಿಯಿಂದ ಮಾತ್ರ ರಕ್ತಪರೀಕ್ಷೆ ಮಾಡಬೇಕು. ಕೊನೆಯದಾಗಿ, ಪತಿಯೊಡನೆ ಈ ಮಾತನ್ನು ಹೇಗೆ ಎತ್ತಬೇಕೆಂಬುದನ್ನು ಕಲಿಸಬೇಕು. ಇದೇ ಅತ್ಯಂತ ಕಠಿಣವಾದ ಪಾಠ. ದೂರದ ಊರುಗಳಲ್ಲಿ ದುಡಿದು ಬರುವ ಗಂಡಂದಿರು ತಾವಾಗಿಯೇ ಪರೀಕ್ಷೆಗೆ ಮುಂದೆ ಬಂದರೆ ಈ ಭಾರ ಅರ್ಧ ಇಳಿಯುವುದು.

ಸೋಂಕು ಕಂಡುಬಂದರೂ ಧೈರ್ಯಗೆಡಬೇಕಾದುದಿಲ್ಲ. ಸರ್ಕಾರವು 2004ರಿಂದ ಉಚಿತ ಔಷಧಿ ನೀಡುತ್ತಿದೆ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗುಲುವ ಸಂಭವ ನೂರಕ್ಕೆ 15ರಿಂದ 45. ಸಕಾಲಿಕ ಚಿಕಿತ್ಸೆಯಿಂದ ಅದು 5ಕ್ಕಿಂತ ಕಡಿಮೆಯಾಗುತ್ತದೆ. ಹೆಚ್ಚಿನ ಮಾಹಿತಿಗೆ 1097 ಎಂಬ ಉಚಿತ ದೂರವಾಣಿ ಇದೆ.

ಮಕ್ಕಳೇ, ಜೊತೆಯಲ್ಲಿ ಕೂರುವುದರಿಂದ, ಆಡುವುದರಿಂದ, ಉಣ್ಣುವುದರಿಂದ ಈ ಸೋಂಕು ಹರಡದು. ಸೋಂಕಿತರನ್ನು ಶಾಲೆಯಿಂದ ದೂರವಿಡುವುದನ್ನು 2017ರ ಕಾಯಿದೆಯು ನಿಷೇಧಿಸಿದೆ. ಕಾಯಿದೆ ಇಲ್ಲದಿದ್ದರೂ ನಮ್ಮ ಹಲಗೆಯ ಮೇಲೆ ಅಂಥ ಮಗುವಿಗೆ ಎಡೆಯಿರಲೇಬೇಕು.