ಲೋಡರಿನ ಕ್ವಿಕ್ ಅಟ್ಯಾಚ್ ಚೌಕಟ್ಟು: ಊರ ಶೆಡ್ಡಿನಲ್ಲಿ ಮಾಡಿಸುವವರಿಗೆ

ದೀಪಾವಳಿ ಕಳೆದು, ಮಳೆ ಸಂಪೂರ್ಣವಾಗಿ ಹಿಂದೆಗೆದು, ಮಲೆನಾಡಿನ ಅಡಿಕೆ ತೋಟಗಳಿಗೆ ಗೊಬ್ಬರವನ್ನೂ ಹೊಸ ಮಣ್ಣನ್ನೂ ಸಾಗಿಸುವ ಕಾಲ ಒದಗಿದೊಡನೆ, ವರ್ಷವರ್ಷವೂ ಒಂದೇ ಬಗೆಯ ದೂರು ನನ್ನ ಬಳಿಗೆ ಬರುತ್ತದೆ: ಸಣ್ಣ ಟ್ರ್ಯಾಕ್ಟರಿನ ಮುಂದಿನ ಲೋಡರಿಗೆಂದು ಊರ ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದ ಕ್ವಿಕ್ ಅಟ್ಯಾಚ್ ಚೌಕಟ್ಟು ಮೊದಲ ಹಂಗಾಮಿನಲ್ಲಿ ಗಡಗಡ ಸದ್ದು ಮಾಡತೊಡಗಿತು, ಎರಡನೆಯದರಲ್ಲಿ ಬಕೆಟ್ ಒಂದು ಬದಿಗೆ ವಾಲಿತು, ಮೂರನೆಯದು ಬರುವುದರೊಳಗೆ ಬೆಸುಗೆಯೇ ಬಿಟ್ಟಿತು. ಕಳೆದ ತಿಂಗಳು ತೀರ್ಥಹಳ್ಳಿಯ ಕಡೆಯ ತೋಟವೊಂದರಲ್ಲಿ ಅಂಥದೊಂದನ್ನು ಬಿಚ್ಚಿಸಿ ನೋಡಿದೆ. 25 ಮಿ.ಮೀ. ಪಿನ್ನು ಕೂರಬೇಕಾದ ಕಿವಿಯ ತೂತು ಕೋಳಿಮೊಟ್ಟೆಯ ಆಕಾರಕ್ಕೆ ತಿರುಗಿ ಉದ್ದಕ್ಕೆ 31 ಮಿ.ಮೀ. ಆಗಿತ್ತು, ಅದರ ಒಳಅಂಚಿನಲ್ಲಿ ಗ್ಯಾಸ್ ಕಟರಿನ ಗೀರುಗಳು ಇನ್ನೂ ಸ್ಪಷ್ಟವಾಗಿದ್ದವು. ಕೇಳಿದರೆ ಯಜಮಾನರು, "ಪಿನ್ನು ಹೋಗಲಿಲ್ಲ ಮಾರಾಯ್ರೆ, ಅದಕ್ಕೇ ಸ್ವಲ್ಪ ದೊಡ್ಡದು ಮಾಡಿಸಿದ್ದು" ಎಂದರು. ಈ ಲೇಖನವನ್ನು ಬರೆಯುವಂತಾದುದು ಆ 'ಸ್ವಲ್ಪ'ದ ದೆಸೆಯಿಂದ.

ಚೌಕಟ್ಟಿನ ಉಪಯೋಗವನ್ನು ವಿವರಿಸುವ ಅಗತ್ಯವಿಲ್ಲ. ನಾಲ್ಕು ಪಿನ್ನುಗಳನ್ನು ಸುತ್ತಿಗೆಯಿಂದ ಬಡಿದು ತೆಗೆದು, ಬಕೆಟ್ ಇಳಿಸಿ, ಗೊಬ್ಬರದ ಮುಳ್ಳು ಹಲಗೆಯನ್ನು ಏರಿಸಿ, ಮತ್ತೆ ಅದೇ ನಾಲ್ಕನ್ನು ಬಡಿದು ಕೂರಿಸುವುದರಲ್ಲಿ ಅರ್ಧ ಬೆಳಗು ಕಳೆದವರಿಗೆಲ್ಲ ಅದು ಗೊತ್ತು. ಟ್ರ್ಯಾಕ್ಟರಿನ ಕಡೆಯಲ್ಲಿ ಒಂದು ಚೌಕಟ್ಟು ಶಾಶ್ವತವಾಗಿ ನಿಂತಿರುತ್ತದೆ. ಅದರ ಮೇಲಂಚಿನ ಅಡ್ಡ ಸರಳಿಗೆ ಉಪಕರಣದ ಬೆನ್ನಿನ ಕೊಕ್ಕೆಗಳು ಮೇಲಿನಿಂದ ಬಂದು ಕೂರುತ್ತವೆ. ಲೋಡರನ್ನು ಹಿಂದಕ್ಕೆ ಮಗುಚಿದೊಡನೆ ಉಪಕರಣ ತನ್ನ ಭಾರದಿಂದಲೇ ಚೌಕಟ್ಟಿಗೆ ಒರಗಿ, ಕೆಳಗಿನ ತೂತುಗಳು ಒಂದಕ್ಕೊಂದು ಎದುರಾಗುತ್ತವೆ. ಅಲ್ಲಿ ಎರಡು ಬೀಗದ ಪಿನ್ನುಗಳನ್ನು ತೂರಿಸಿದರೆ ಕೆಲಸ ಮುಗಿಯಿತು. ಇಷ್ಟು ಸರಳವಾದುದನ್ನು ಕೆಡಿಸಲು ಒಂದೇ ದಾರಿಯುಂಟು, ಆ ದಾರಿಯನ್ನೇ ನಮ್ಮವರು ಬಿಡದೆ ಹಿಡಿಯುತ್ತಿರುವರು.

ಮೊದಲು ಅಳತೆ. ಲೋಡರಿನ ತೋಳಿಗೆ ಸಿಕ್ಕುವ ಪಿನ್ನಿಗೂ ಮಗುಚುವ ಸಿಲಿಂಡರಿಗೆ ಸಿಕ್ಕುವ ಪಿನ್ನಿಗೂ ನಡುವಣ ಅಂತರವನ್ನು ಕಂಪನಿಯಿಂದ ಬಂದ ಮೂಲ ಬಕೆಟಿನಿಂದಲೇ, ತೂತಿನ ಮಧ್ಯದಿಂದ ತೂತಿನ ಮಧ್ಯಕ್ಕೆ, ದಪ್ಪ ರಟ್ಟಿನ ಮೇಲೆ ಗುರುತಿಸಿಕೊಳ್ಳಬೇಕು. ನೆರೆಯವರ ಟ್ರ್ಯಾಕ್ಟರಿನ ಅಳತೆ ಬೇಡ. ಈ ಅಂತರ ಹತ್ತು ಮಿ.ಮೀ. ಹೆಚ್ಚುಕಡಿಮೆಯಾದರೂ ಬಕೆಟ್ ಹಿಂದಕ್ಕೆ ಮಗುಚುವ ಕೋನ ತಪ್ಪುತ್ತದೆ, ಇಲ್ಲವೆ ಮಣ್ಣು ಪೂರ್ತಿ ಸುರಿಯುವ ಮೊದಲೇ ಸಿಲಿಂಡರು ತನ್ನ ತುದಿಗೆ ತಲಪಿ ನಿಲ್ಲುತ್ತದೆ. ಪಕ್ಕದ ಹಲಗೆಗಳಿಗೂ ಕಿವಿಗಳಿಗೂ 12 ಮಿ.ಮೀ. ಮೈಲ್ಡ್ ಸ್ಟೀಲ್ ತಗಡು, ಮೇಲಂಚಿಗೆ 40 ಮಿ.ಮೀ.ನ ತುಂಬು ಸರಳು, ಕೆಳಗೆ 50ಕ್ಕೆ 50ರ, 5 ಮಿ.ಮೀ. ದಪ್ಪದ ಚೌಕ ಪೈಪು, ಉಪಕರಣದ ಬೆನ್ನಿನ ಕೊಕ್ಕೆಗೂ ಕೆಳಗಿನ ಕಿವಿಗೂ 16 ಮಿ.ಮೀ. ತಗಡು, ಮೂವತ್ತು ಅಶ್ವಶಕ್ತಿಯೊಳಗಿನ ಟ್ರ್ಯಾಕ್ಟರಿಗೆ ಇಷ್ಟು ಸಾಕು. ಕೊಕ್ಕೆಯ ಒಳಗುಂಡಿ 42 ಮಿ.ಮೀ. ಇರಲಿ, ಬಾಯಿ ಮಾತ್ರ ಅಗಲವಾಗಿ ಇಳಿಜಾರಾಗಿರಲಿ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕೊಕ್ಕೆ ಕತ್ತರಿಸುವವರನ್ನು ಕಂಡಿದ್ದೇನೆ. ಆ ಉಕ್ಕಿನಲ್ಲಿ ಇಂಗಾಲ ಹೆಚ್ಚು, ಸಾಮಾನ್ಯ ಬೆಸುಗೆಯ ಪಕ್ಕದಲ್ಲಿ ಅದು ಗಾಜಿನಂತೆ ಪೆಡಸಾಗಿ, ಬಾಗದೆ, ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಬಾಗುವ ಉಕ್ಕು ನಮಗೆ ಎಚ್ಚರಿಕೆಯನ್ನಾದರೂ ಕೊಡುತ್ತದೆ.

ಇನ್ನು ಆ ತಪ್ಪಿನ ಮಾತು. ನಾಲ್ಕು ಕಿವಿಗಳಿಗೂ ಬೇರೆಬೇರೆಯಾಗಿ ತೂತು ಕೊರೆದು, ಕಣ್ಣಳತೆಯಲ್ಲಿ ಸಾಲಾಗಿ ನಿಲ್ಲಿಸಿ, ಒಂದು ಬದಿಯಿಂದ ಆರಂಭಿಸಿ ಉದ್ದಕ್ಕೂ ಒಂದೇ ಬಾರಿಗೆ ಬೆಸೆದುಬಿಟ್ಟಾಗ, ಕಾದು ತಣಿಯುವ ಬೆಸುಗೆಯು ಕುಗ್ಗುತ್ತ ಕಿವಿಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವುದರಿಂದ, ಬೆಸೆಯುವ ಮೊದಲು ಸರಿಯಾಗಿದ್ದ ನಾಲ್ಕು ತೂತುಗಳು ಬೆಸೆದ ಮೇಲೆ ಒಂದೇ ರೇಖೆಯಲ್ಲಿ ಉಳಿಯುವುದಿಲ್ಲ. ಪಿನ್ನು ಮೂರರಲ್ಲಿ ಹೋಗಿ ನಾಲ್ಕನೆಯದರಲ್ಲಿ ನಿಲ್ಲುತ್ತದೆ. ಆಗ ಶೆಡ್ಡಿನ ಹುಡುಗ ಗ್ಯಾಸ್ ಕಟರ್ ಎತ್ತಿಕೊಳ್ಳುತ್ತಾನೆ. ಅನರ್ಥಕ್ಕೆ ಮೂಲ ಆ ಗಳಿಗೆಯೇ. ಪಿನ್ನುಗಳ ನಡುವಣ ಅಂತರ 200 ಮಿ.ಮೀ., ಬಕೆಟಿನ ಅಂಚು ಅಲ್ಲಿಂದ 600 ಮಿ.ಮೀ. ಮುಂದೆ ಎಂದಿಟ್ಟುಕೊಂಡರೆ, ತೂತಿನಲ್ಲಿ ಬಿಟ್ಟ 2 ಮಿ.ಮೀ. ಸಡಿಲವು ಅಂಚಿನಲ್ಲಿ 6 ಮಿ.ಮೀ. ಆಟವಾಗುತ್ತದೆ, ತುಂಬಿದ ಬಕೆಟ್ ಕಾಲುವೆ ದಾಟುವಾಗಲೆಲ್ಲ ಆ ಆಟದಷ್ಟೂ ದೂರ ಹಿಂದೆಮುಂದೆ ಹೊಯ್ದಾಡಿ ಪಿನ್ನಿಗೆ ಸುತ್ತಿಗೆಯ ಪೆಟ್ಟು ಬೀಳುತ್ತದೆ, ದಿನಕ್ಕೆ ನೂರು ಪೆಟ್ಟು ಬಿದ್ದ ತೂತು ಮತ್ತಷ್ಟು ಅಗಲವಾಗದೆ ಇನ್ನೇನಾದೀತು? ತೂತು ಅಗಲವಾದ ಚೌಕಟ್ಟಿನಲ್ಲಿ ಕೆಳಗಿನ ಬೀಗದ ಪಿನ್ನು ಓರೆಯಾಗಿ ನಿಂತು ಪೂರ್ತಿ ಒಳಹೋಗುವುದಿಲ್ಲ. ಚಾಲಕ ಮೇಲಿನ ಕೊಕ್ಕೆಯನ್ನೇ ನಂಬಿ ಹೊರಡುತ್ತಾನೆ. ಬಕೆಟಿನ ಮೂತಿ ನೆಲಕ್ಕೆ ತಾಕಿದೊಡನೆ ಅದು ಸರಳಿನಿಂದ ಕಳಚಿ ಮುಂದಿನ ಗಾಲಿಯ ಎದುರಿಗೇ ಬೀಳುತ್ತದೆ. ಎಷ್ಟು ಸಲ ಹೇಳಿದರೂ ಈ ಸರಪಳಿಯ ಮೊದಲ ಕೊಂಡಿಯನ್ನು ಯಾರೂ ಗಮನಿಸರು, ಕೊನೆಯದನ್ನು ಮಾತ್ರ ದುರದೃಷ್ಟವೆನ್ನುವರು.

ಪರಿಹಾರ ಕಷ್ಟದ್ದಲ್ಲ. ಲೇತಿನ ಅಂಗಡಿಯಿಂದ 25 ಮಿ.ಮೀ.ನ ನೇರವಾದ ಬ್ರೈಟ್ ಸರಳನ್ನು, ಚೌಕಟ್ಟಿನ ಅಗಲಕ್ಕಿಂತ ಒಂದು ಗೇಣು ಉದ್ದವಾಗಿ, ಎರಡು ತರಿಸಿ. ಕಿವಿಗಳ ತೂತನ್ನು 8, ಆಮೇಲೆ 16, ಕೊನೆಗೆ 25.5 ಮಿ.ಮೀ. ಎಂದು ಮೂರು ಹಂತದಲ್ಲಿ, ನಿಲುವು ಡ್ರಿಲ್ಲಿಂಗ್ ಯಂತ್ರದಲ್ಲಿ ಕೊರೆಸಿ, ಅರ್ಧ ಮಿ.ಮೀ. ಸಡಿಲ ಸಾಕು, ಒಂದು ಮಿ.ಮೀ. ದಾಟಿದರೆ ಆ ಕಿವಿಯನ್ನು ಎಸೆದು ಬೇರೆಯದನ್ನು ಕತ್ತರಿಸಿ. ತೋಳಿನ ಸಾಲಿಗೆ ಒಂದು, ಸಿಲಿಂಡರಿನ ಸಾಲಿಗೆ ಒಂದು, ಹೀಗೆ ಎರಡು ಸರಳುಗಳನ್ನೂ ತೆಳುವಾಗಿ ಗ್ರೀಸ್ ಸವರಿ ನಾಲ್ಕು ಕಿವಿಗಳ ಮೂಲಕ ತೂರಿಸಿ, ಅನಂತರ ಮೂಲೆಮೂಲೆಗೆ 20 ಮಿ.ಮೀ. ಟ್ಯಾಕ್ ಹಾಕಿ, ಸರಳು ಕೈಯಲ್ಲೇ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ಟ್ಯಾಕನ್ನು ಗ್ರೈಂಡರಿನಿಂದ ಕೊಯ್ದು ಮತ್ತೆ ಹೊಂದಿಸಿ. ಈ ಹಂತದಲ್ಲಿ ಹತ್ತು ನಿಮಿಷ ಕೊಡಲಾರದವನು ಆಮೇಲೆ ಹತ್ತು ದಿನ ಕೊಡಬೇಕಾಗುತ್ತದೆ. ತಿರುಗಿದರೆ ಎಡದ ಹೊರಕಿವಿಗೆ 40 ಮಿ.ಮೀ., ಬಲದ ಹೊರಕಿವಿಗೆ 40, ಮತ್ತೆ ಎಡದ ಒಳಕಿವಿಗೆ, ಬಲದ ಒಳಕಿವಿಗೆ, ಹೀಗೆ ಬದಿ ಬದಲಿಸುತ್ತ, ಪ್ರತಿ ಸುತ್ತಿನ ಬಳಿಕ ಕೈಯಿಟ್ಟು ತಾಳುವಷ್ಟು ತಣಿಯಗೊಟ್ಟು ಮುಂದುವರಿಯಿರಿ. ನೀರು ಹೊಯ್ದು ತಣಿಸಬಾರದು. ಸರಳುಗಳನ್ನು ಕೊನೆಯ ಬೆಸುಗೆ ಸಂಪೂರ್ಣ ತಣ್ಣಗಾದ ಮೇಲಲ್ಲದೆ ಹೊರತೆಗೆಯಕೂಡದು.

ಬೆಸುಗೆಯ ಪ್ರಮಾಣಗಳು. 12 ಮಿ.ಮೀ. ತಗಡನ್ನು ಅಂಚಿಗೆ ಅಂಚು ಸೇರಿಸುವಲ್ಲಿ ಎರಡೂ ಅಂಚನ್ನು 30 ಡಿಗ್ರಿ ಓರೆ ಅರೆದು, ಬುಡದಲ್ಲಿ 2ರಿಂದ 3 ಮಿ.ಮೀ. ಸಂದು ಬಿಟ್ಟು, ಕನಿಷ್ಠ ಮೂರು ಪದರ ಹಾಕಬೇಕು. ಮೇಲೆ ದಪ್ಪಗೆ ಒಂದು ಪದರ ಎಳೆದು ಒಳಗೆ ಟೊಳ್ಳು ಬಿಟ್ಟದ್ದು ಬೆಸುಗೆಯಲ್ಲ. ಮೂಲೆಯ ಬೆಸುಗೆಗೆ 8 ಮಿ.ಮೀ. ಕಾಲು. 3.15 ಮಿ.ಮೀ.ನ 6013 ರಾಡಿಗೆ 100ರಿಂದ 130 ಆಂಪಿಯರ್. ಕಿವಿಗೂ ಕೊಕ್ಕೆಗೂ 7018 ರಾಡು ಮೇಲು, ಅದಕ್ಕೆ ಡಿ.ಸಿ. ಯಂತ್ರ, ರಾಡು ಧನಧ್ರುವಕ್ಕೆ, 110ರಿಂದ 140 ಆಂಪಿಯರ್. ಮಲೆನಾಡಿನ ತೇವದ ಹವೆಯಲ್ಲಿ ತೆರೆದಿಟ್ಟ ರಾಡು ಒಂದೇ ದಿನದಲ್ಲಿ ನೀರು ಹೀರುತ್ತದೆ. 7018 ಆದರೆ 300 ಡಿಗ್ರಿಯ ಓವನ್ನಿನಲ್ಲಿ ಒಂದೆರಡು ಗಂಟೆ ಬೇಯಿಸದ ಹೊರತು ಉಪಯೋಗಕ್ಕಿಲ್ಲ. ಓವನ್ನು ಇಲ್ಲದ ಶೆಡ್ಡಿನವರು ಅಂದಿನ ಕೆಲಸಕ್ಕೆ ಬೇಕಾದಷ್ಟೇ ಸೀಲು ಒಡೆಯಲಿ. ಅಡಿಕೆ ಬೇಯಿಸುವ ಒಲೆಯ ದಂಡೆಯ ಮೇಲೆ ರಾಡುಗಳನ್ನು ಒಣಹಾಕಿದ್ದನ್ನೂ ನೋಡಿದ್ದೇನೆ. 6013ಕ್ಕೆ ಅದರಿಂದ ಅಷ್ಟಿಷ್ಟು ಪ್ರಯೋಜನವಾದೀತು, 7018ಕ್ಕೆ ಏನೂ ಆಗದು. ಚೌಕಟ್ಟನ್ನು ಟ್ರ್ಯಾಕ್ಟರಿನಿಂದ ಬಿಚ್ಚಿ ಕೆಳಗಿಟ್ಟೇ ಬೆಸೆಯಬೇಕು. ಅನಿವಾರ್ಯವಾಗಿ ಗಾಡಿಯ ಮೇಲೆಯೇ ಬೆಸೆಯುವುದಾದರೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಅರ್ಥ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ, ಸಿಲಿಂಡರಿನ ಹೊಳಪು ದಂಡಕ್ಕೆ ಒದ್ದೆ ಗೋಣಿ ಸುತ್ತಿ. ಒಂದು ಕಿಡಿ ಆ ಹೊಳಪಿನ ಮೇಲೆ ಕಲೆ ಮಾಡಿದರೆ ಸಾಕು, ಆಮೇಲೆ ಸೀಲು ಹರಿಯುತ್ತಲೇ ಇರುತ್ತದೆ. ಜಿಂಕ್ ಲೇಪದ ಪೈಪು ಬೇಡವೇ ಬೇಡ. ಅದರ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ.

ಬೀಗದ ಪಿನ್ನುಗಳು ಇ.ಎನ್. 8 ಉಕ್ಕಿನ 25 ಮಿ.ಮೀ. ಬ್ರೈಟ್ ಸರಳಿನವಾಗಿರಲಿ. ಕಟ್ಟಡದ ಟಿ.ಎಂ.ಟಿ. ಕಂಬಿಯನ್ನು ಪಿನ್ನು ಮಾಡುವ ಅಭ್ಯಾಸ ಇಂದಿಗೇ ನಿಲ್ಲಲಿ. ಗೆಣ್ಣುಗಳುಳ್ಳ ಕಂಬಿ ಗುಂಡನೆಯ ತೂತಿನಲ್ಲಿ ಎಂದೂ ಮೈಪೂರ್ತಿ ಕೂರುವುದಿಲ್ಲ. ಇ.ಎನ್. 8ರಲ್ಲಿ ಶೇಕಡಾ 0.4ರಷ್ಟು ಇಂಗಾಲವಿರುವುದರಿಂದ ಪಿನ್ನಿಗೆ ಹಿಡಿಕೆಯನ್ನು ಬೆಸೆಯಬಾರದು, ತೂತು ಕೊರೆದು ಬೋಲ್ಟಿನಿಂದ ಬಿಗಿಯಬೇಕು. ಪಿನ್ನಿನ ತುದಿ ಕಿವಿಯ ಆಚೆಗೆ 20 ಮಿ.ಮೀ. ಹೊರಬಂದು, ಅಲ್ಲಿ ಲಿಂಚ್ ಪಿನ್ನು ಬೀಳಬೇಕು. ಲಿಂಚ್ ಪಿನ್ನಿನ ಬದಲು ಬೇಲಿತಂತಿ ಸುತ್ತಿದವರ ಚೌಕಟ್ಟನ್ನು ನಾನು ಪರೀಕ್ಷಿಸಿ ನೋಡುವುದೂ ಇಲ್ಲ.

ಭಾರದ ಲೆಕ್ಕವನ್ನು ಮಾಡಿಸುವ ಮೊದಲೇ ಮಾಡಿಕೊಳ್ಳಬೇಕು. ಮೇಲೆ ಹೇಳಿದ ಚೌಕಟ್ಟು ಸುಮಾರು 36 ಕಿಲೋ, ಉಪಕರಣದ ಬೆನ್ನಿನ ಕೊಕ್ಕೆಗಳು 14 ಕಿಲೋ, ಒಟ್ಟು 50. ಲೋಡರಿನ ಕೈಪಿಡಿಯಲ್ಲಿ ಪಿನ್ನಿನ ಬಳಿ 350 ಕಿಲೋ ಎಂದಿದ್ದು, ಬಕೆಟ್ ತಾನೇ 70 ಕಿಲೋ ಇದ್ದರೆ, ಉಳಿಯುವುದು 230. 150 ಲೀಟರಿನ ಬಕೆಟಿನಲ್ಲಿ ಹಸಿಮಣ್ಣು, ಲೀಟರಿಗೆ 1.7 ಕಿಲೋದಂತೆ, 255 ಕಿಲೋ ತೂಗುತ್ತದೆ. ಅಲ್ಲಿಗೆ, ಚೌಕಟ್ಟು ಹಾಕಿದ ಮೇಲೆ ಹಸಿಮಣ್ಣಿನ ತುಂಬು ಬಕೆಟ್ ನಿಮ್ಮ ಪಾಲಿಗಿಲ್ಲ. ಅದೂ ಸಾಲದೆ ಚೌಕಟ್ಟಿನ ದಪ್ಪದಷ್ಟು ಭಾರ ಮುಂದಕ್ಕೆ ಸರಿಯುತ್ತದೆ: 50 ಸೆಂ.ಮೀ. ದೂರದಲ್ಲಿದ್ದ ಭಾರಕೇಂದ್ರ 60ಕ್ಕೆ ಹೋದರೆ ಮಗುಚುವ ಸಿಲಿಂಡರಿಗೆ ಐದರಲ್ಲಿ ಒಂದು ಪಾಲು ಹೆಚ್ಚಿನ ಶ್ರಮ. ಹಿಂಬದಿಯಲ್ಲಿ ತೂಕವಿಲ್ಲದೆ ಲೋಡರ್ ಎತ್ತಲೇಬಾರದು; ಇನ್ನೂರು ಲೀಟರಿನ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ ಕಾಂಕ್ರೀಟು ತುಂಬಿದರೆ 240 ಕಿಲೋ ಆಗುತ್ತದೆ, ಅದನ್ನು ಹಿಂದಿನ ಮೂರು ಕೊಂಡಿಗೆ ತಗುಲಿಸಿ. ತೋಟದ ಇಳಿಜಾರಿನಲ್ಲಿ ಬಕೆಟ್ ಮೊಣಕಾಲಿನ ಎತ್ತರ ದಾಟದಿರಲಿ.

ಸಹಾಯಧನದ ವಿಷಯವನ್ನು ಹಲವರು ಕೇಳುತ್ತಾರೆ. ಎರಡು ದಿನದ ಶೆಡ್ಡಿನ ಕೆಲಸಕ್ಕೆ ಎರಡು ಹಂಗಾಮು ಅರ್ಜಿ ಹಿಡಿದು ಅಲೆಯಿರೆಂದು ನಾನು ಹೇಳಲಾರೆ.

ಚೌಕಟ್ಟು ಸಿದ್ಧವಾದ ದಿನವೇ ಕೆಲಸಕ್ಕೆ ಹಚ್ಚಬೇಡಿ. ಬಕೆಟನ್ನು ಜೋಡಿಸಿ, ಗಾಡಿಯಿಂದ ಇಳಿದು ಎರಡೂ ಪಿನ್ನಿನ ತುದಿಗಳನ್ನು ಕಣ್ಣಾರೆ ನೋಡಿ, ಮತ್ತೆ ಹತ್ತಿ, ಬಕೆಟಿನ ಮೂತಿಯನ್ನು ನೆಲಕ್ಕೆ ಒತ್ತಿ ಮುಂದಿನ ಗಾಲಿಗಳು ಕೊಂಚ ಹಗುರಾಗುವ ತನಕ ನಿಲ್ಲಿಸಿ. ಬೀಗ ಕೂತಿರದಿದ್ದರೆ ಕೆಳಗಿನ ಅಂಚು ಚೌಕಟ್ಟಿನಿಂದ ಬಿಟ್ಟುಕೊಳ್ಳುವುದು ಅಲ್ಲೇ ತಿಳಿಯುತ್ತದೆ. ಉಪಕರಣ ಬದಲಿಸಿದಾಗಲೆಲ್ಲ ಇದನ್ನು ಮಾಡಬೇಕು, ಅವಸರದ ದಿನವೂ. ಆಮೇಲೆ ಗ್ರೈಂಡರಿನಿಂದ ಬೆಸುಗೆಗಳ ಕಿಟ್ಟವನ್ನು ತೆಗೆದು, ಬಣ್ಣ ಬಳಿಯದೆ, ಎಲ್ಲ ಬೆಸುಗೆಗಳ ಮೇಲೂ ತೆಳುವಾಗಿ ಸುಣ್ಣ ಸವರಿ ಒಣಗಿಸಿ. ಅರ್ಧ ಬಕೆಟ್ ಹೊರೆಯಲ್ಲಿ ಹತ್ತು ಗಂಟೆ ದುಡಿಸಿದ ಮೇಲೆ ಬೆಳಗಿನ ಬೆಳಕಿನಲ್ಲಿ ಕಿವಿಯ ಬುಡವನ್ನು ನೋಡಿದರೆ, ಬಿರುಕಿರುವಲ್ಲಿ ಸುಣ್ಣ ಕೂದಲೆಳೆಯಂತೆ ಸೀಳಿ, ಆ ಸೀಳಿನಲ್ಲಿ ತುಕ್ಕಿನ ಕೆಂಪು ಹಣಿಕಿರುತ್ತದೆ. ಹಾಗೆ ಕಂಡ ಬೆಸುಗೆಯ ಮೇಲೆ ಇನ್ನೊಂದು ಪದರ ಎಳೆಯದೆ, ಬಿರುಕಿನ ತಳದವರೆಗೆ ಅರೆದು ತೆಗೆದು, ಎರಡೂ ಸರಳುಗಳನ್ನು ಮತ್ತೆ ತೂರಿಸಿಕೊಂಡೇ ಹೊಸದಾಗಿ ಬೆಸೆಯಿರಿ. ಸುಣ್ಣ ಅಖಂಡವಾಗಿದ್ದರೆ ತೊಳೆದು ಬಣ್ಣ ಬಳಿದು, ಪಿನ್ನುಗಳಿಗೆ ಗ್ರೀಸ್ ಕೊಟ್ಟು, ಮಣ್ಣಿನ ರಾಶಿಗೆ ಹೋಗಬಹುದು.