ಕೌಂಟರ್ ಸುತ್ತು ಹೊಡೆದಾಗ: ಹೊನ್ನವಳ್ಳಿಯ ಒಂದು ಪಾಠ

ದಸರಾ ರಜೆಗೆ ಹೊನ್ನವಳ್ಳಿಗೆ ಹೋಗಿದ್ದೆ. ಅಲ್ಲಿ ನಮ್ಮ ಮಾವ ಸುತ್ತಮುತ್ತಲ ಊರುಗಳಿಗೆ ಫೈಬರ್ ಇಂಟರ್ನೆಟ್ ಕೊಡ್ತಾರೆ. ಸಂಜೆ ಏಳಾದರೆ ಸಾಕು, ಫೋನ್ ಶುರು: "ಅಣ್ಣಾ, ನೆಟ್ ಬರ್ತಿಲ್ಲ." ಮಾವ ಗ್ರಾಫ್ ನೋಡಿ, "ಲೈನ್ ಖಾಲಿ ಇದೆ ಕಣಪ್ಪ, ನಿಮ್ಮ ವೈಫೈನೇ ಸರಿಯಿಲ್ಲ" ಅಂತಿದ್ರು. ಪಕ್ಕದ ಬೀದಿಯ ಹುಡುಗಿಯೊಬ್ಬಳ ಆನ್‌ಲೈನ್ ಕ್ಲಾಸ್ ದಿನಾ ನಿಲ್ತಿತ್ತು. ಮಾವನ ಮಾತು ನಂಬಿ ಅವಳ ಅಪ್ಪ ಹೊಸ ರೂಟರ್ ತಂದರು. ಆಮೇಲೂ ಅದೇ ಕಥೆ.

ಅಳೆಯೋದು ಹೇಗೆ?

ರೂಟರ್‌ನ ಪ್ರತಿ ಪೋರ್ಟ್‌ಗೂ ಒಂದು ಕೌಂಟರ್ ಇರುತ್ತೆ. ಅದು ಬೈಕಿನ ಕಿಲೋಮೀಟರ್ ಮೀಟರ್ ಇದ್ದಂತೆ: ಒಟ್ಟು ಎಷ್ಟು ಬೈಟ್ ಹೋಯಿತು ಅಂತ ಎಣಿಸುತ್ತೆ, ವೇಗ ಹೇಳಲ್ಲ. ಎಸ್‌ಎನ್‌ಎಂಪಿ ಪ್ರೋಟೋಕಾಲ್ ಮೂಲಕ 5 ನಿಮಿಷಕ್ಕೊಮ್ಮೆ ಅದನ್ನು ಓದಿ, ಎರಡು ರೀಡಿಂಗ್‌ಗಳ ವ್ಯತ್ಯಾಸವನ್ನು 8ರಿಂದ ಗುಣಿಸಿ 300ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಬಿಟ್ ಅಂತ ಸಿಗುತ್ತೆ. ಟೋಬಿ ಓಟಿಕರ್ ಬರೆದು 1995ರಲ್ಲಿ ಬಿಟ್ಟ ಎಂಆರ್‌ಟಿಜಿ ಮಾಡೋದೂ ಇದನ್ನೇ. ಅವರು ನೋಡಬೇಕಿದ್ದದ್ದು ಬರೀ 64 ಕೆಬಿಪಿಎಸ್ ಲೈನ್. ಅಂಥ ಲೈನಿಗೆ 32 ಬಿಟ್ ಕೌಂಟರ್ ಧಾರಾಳ.

ತೊಂದರೆ ಎಲ್ಲಿ?

32 ಬಿಟ್ ಕೌಂಟರ್ 4,29,49,67,295ಕ್ಕೆ ಮುಟ್ಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಮೊದಲ ರೀಡಿಂಗ್ 400 ಕೋಟಿ, ಎರಡನೆಯದು 50 ಕೋಟಿ ಅಂದುಕೊಳ್ಳಿ. ಒಂದು ಸುತ್ತು ಆಗಿದೆ ಅಂತ ಸಾಫ್ಟ್‌ವೇರ್ ಊಹಿಸುತ್ತೆ. ಆಗ ಹೋಗಿದ್ದು 79,49,67,296 ಬೈಟ್, ಅಂದರೆ 21.2 ಎಂಬಿಪಿಎಸ್. ನಿಜವಾಗಿ ಎರಡು ಸುತ್ತು ಆಗಿದ್ದರೆ? 135.7 ಎಂಬಿಪಿಎಸ್!

5 ನಿಮಿಷದ ಸರಾಸರಿ ಸುಮಾರು 114 ಎಂಬಿಪಿಎಸ್ ದಾಟಿದರೆ 32 ಬಿಟ್ ಲೆಕ್ಕ ನಂಬೋ ಹಾಗಿಲ್ಲ. ಮಾವ ತಗೊಂಡಿದ್ದು 150 ಎಂಬಿಪಿಎಸ್. ಸಂಜೆ ಲೈನ್ ತುಂಬಿ ತುಳುಕುವಾಗಲೇ ಗ್ರಾಫ್ ಖಾಲಿ ತೋರಿಸ್ತಿತ್ತು.

ಪರಿಹಾರ

64 ಬಿಟ್ ಕೌಂಟರ್ ಓದಬೇಕು. 1 ಜಿಬಿಪಿಎಸ್ ಲೈನ್ ಪೂರ್ತಿ ಓಡಿದರೂ ಅದು ಸುತ್ತೋಕೆ 4,600 ವರ್ಷಕ್ಕಿಂತ ಜಾಸ್ತಿ ಬೇಕು. ಆದರೆ ಎಸ್‌ಎನ್‌ಎಂಪಿ ಆವೃತ್ತಿ 1ರಲ್ಲಿ 64 ಬಿಟ್ ಕೌಂಟರ್ ಇಲ್ಲ. ಕನಿಷ್ಠ 2ಸಿ ಬೇಕು. ಮಾವನ ಸರ್ವರ್‌ನಲ್ಲಿ 1 ಇತ್ತು. ನಾನು ಬದಲಿಸಿದ್ದು ಅಷ್ಟೇ.

ಒಬ್ಬೊಬ್ಬ ಗ್ರಾಹಕನ ಲೆಕ್ಕ ರೇಡಿಯಸ್ ಅಕೌಂಟಿಂಗ್‌ನಿಂದ ಬರುತ್ತೆ. ಅಲ್ಲೂ ಇದೇ ಹಳ್ಳ: ಆಕ್ಟೆಟ್ಸ್ 32 ಬಿಟ್, ಎಷ್ಟು ಸುತ್ತು ಆಯಿತು ಅನ್ನೋದು ಗಿಗಾವರ್ಡ್ಸ್‌ನಲ್ಲಿ. ಅದನ್ನು ಸೇರಿಸದಿದ್ದರೆ 10 ಜಿಬಿ ಬಳಸಿದವರ ಲೆಕ್ಕ 1.4 ಜಿಬಿ ಅಂತ ಕಾಣುತ್ತೆ. ಇನ್ನೊಂದು: ಇಲ್ಲಿ 'ಇನ್‌ಪುಟ್' ಅಂದರೆ ಗ್ರಾಹಕರ ಅಪ್‌ಲೋಡ್, ಡೌನ್‌ಲೋಡ್ ಅಲ್ಲ.

ಜನರು ಏನು ನೋಡ್ತಾರೆ ಅಂತ ಈ ಕೌಂಟರ್‌ಗಳಿಗೆ ಗೊತ್ತಾಗಲ್ಲ. ತೋಟದಿಂದ ಎಷ್ಟು ಕಾಯಿ ಹೊರಟಿತು ಅನ್ನೋದಷ್ಟೇ ಲೆಕ್ಕ. ಯಾರ ಮನೇಲಿ ಚಟ್ನಿ ಆಯಿತು ಅನ್ನೋದಲ್ಲ.

ಮರುದಿನ ಸಂಜೆ ಏಳರಿಂದ ಹತ್ತರವರೆಗೆ ಗ್ರಾಫ್ 150ಕ್ಕೆ ಅಂಟಿಕೊಂಡು ನೆಟ್ಟಗೆ ಹೋಯಿತು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗಿಯ ಅಪ್ಪನಿಗೆ ಫೋನ್ ಮಾಡಿದರು: "ನಿಮ್ಮ ರೂಟರ್ ತಪ್ಪಲ್ಲ, ನಮ್ದೇ." ಮುಂದಿನ ತಿಂಗಳು ಬ್ಯಾಂಡ್‌ವಿಡ್ತ್ ಹೆಚ್ಚಿಸಿದರು.

ನಿಮಗೊಂದು ಲೆಕ್ಕ: 1 ನಿಮಿಷಕ್ಕೊಮ್ಮೆ ಓದಿದರೆ 32 ಬಿಟ್ ಕೌಂಟರನ್ನು ಎಷ್ಟು ಎಂಬಿಪಿಎಸ್‌ವರೆಗೆ ನಂಬಬಹುದು? (ಉತ್ತರ: ಸುಮಾರು 572.)